ನೂಲು ಟಪ್ ಅಂದರೆ ಸಹಿ

ಉಡುಪಿಯಲ್ಲಿ ಜುಲೈ ಅಂದರೆ ಗೊತ್ತಲ್ಲ. ಕ್ಲಿನಿಕ್ಕಿನ ಬಾಗಿಲ ಹತ್ತಿರ ಪೇಶೆಂಟುಗಳಿಗಿಂತ ಒದ್ದೆ ಕೊಡೆಗಳೇ ಜಾಸ್ತಿ. ಅಂಥ ಒಂದು ಮಧ್ಯಾಹ್ನ ಹಿರಿಯಡ್ಕ ಕಡೆಯಿಂದ ಬಸ್ಸಿನಲ್ಲಿ ಬಂದ ಒಬ್ಬ ಅಮ್ಮ ಕುರ್ಚಿಯಲ್ಲಿ ಕೂತು, ಬಲಗೆನ್ನೆ ಒತ್ತಿ ತೋರಿಸಿದರು. "ಇಲ್ಲಿ ಎಂತ ತಿಂದ್ರೂ ಸಿಕ್ಕಿ ಹಾಕಿಕೊಳ್ತದೆ ಡಾಕ್ಟ್ರೇ. ಬಸಳೆ ನಾರು, ಮೀನಿನ ಮುಳ್ಳು, ಎಲ್ಲ."

ಕನ್ನಡಿ ಹಿಡಿದು ನೋಡಿದೆ. ಕೆಳಗಿನ ದವಡೆ. ಮುಂದಿನ ನಡುವಿನಿಂದ ಎಣಿಸುವ ನಮ್ಮ ಲೆಕ್ಕದ ಏಳನೇ ಹಲ್ಲಿನ ಮುಂಬದಿಯಲ್ಲಿ ಹುಳುಕು ಹಿಡಿದು ಹೊಂಡ ಆಗಿತ್ತು. ಅದು ಸರಿ. ಆದರೆ ನನ್ನ ಕಣ್ಣು ಹೋಗಿದ್ದು ಅದರ ಮುಂದಿನ ಆರನೇ ಹಲ್ಲಿಗೆ. ಅಲ್ಲಿ ಹಳೆಯ ಅಮಾಲ್ಗಮ್ ಇತ್ತು, ಜನ ಬೆಳ್ಳಿ ಸಿಮೆಂಟ್ ಅನ್ನುತ್ತಾರಲ್ಲ, ಅದು. ಮೈಯೆಲ್ಲ ಕಪ್ಪಾಗಿದ್ದರೂ ಅಂಚು ಎಲ್ಲೂ ಬಿಟ್ಟಿರಲಿಲ್ಲ. ಹಲ್ಲಿನ ಏರು ಎಲ್ಲಿ ಇಳಿಯುತ್ತದೋ ಅಲ್ಲೇ ಸಿಮೆಂಟೂ ಇಳಿದಿತ್ತು. ತೋಡಿದ ಗೆರೆಗಳು ಇನ್ನೂ ಕಾಣುತ್ತಿದ್ದವು. ಸುಮ್ನೆ ಒಂದು ಸಲ ಅದರ ಮುಂದಿನ ಸಂದಿಯಲ್ಲಿ ಫ್ಲಾಸ್, ಅಂದರೆ ಹಲ್ಲಿನ ಸಂದಿಗೆ ಹಾಕುವ ನೂಲು, ಎಳೆದೆ. ಟಪ್ ಅಂತ ಒಳಗೆ ಹೋಯಿತು. ಟಪ್ ಅಂತ ಹೊರಗೆ ಬಂತು.

"ಹಾಂ, ಅವರೂ ಹೀಗೇ ನೂಲು ಹಾಕಿ ಎಳೆದಿದ್ರು" ಅಂದರು ಅಮ್ಮ, ಬಾಯಿ ಮುಚ್ಚಿದ ಮೇಲೆ. "ಕಾರ್ಕಳದಲ್ಲಿ. ಹೆಣ್ಣು ಡಾಕ್ಟ್ರು. ಮೊದಲು ಮಾಡಿದ್ದು ಸರಿಯಾಗ್ಲಿಲ್ಲ ಅಂತ ಕೆತ್ತಿ ತೆಗೆದು ಮತ್ತೆ ಹಾಕಿದ್ರು. ಶಬ್ದ ಬರಬೇಕಂತೆ. ನನ್ನ ಮಗಳಿಗೆ ಆಗ ಇನ್ನೂ ಮದುವೆ ಆಗಿರ್ಲಿಲ್ಲ."

ಮಗಳ ಮಗ ಈಗ ಪಿಯುಸಿ. ಲೆಕ್ಕ ಹಾಕಿಕೊಳ್ಳಿ.

ಆ ಕಾರ್ಕಳದ ಡಾಕ್ಟ್ರು ಯಾರೋ ನನಗೆ ಗೊತ್ತಿಲ್ಲ. ಆಮೇಲೆ ಬೆಂಗಳೂರಿಗೆ ಹೋದರಂತೆ. ಆದರೆ ಅವರಿಗೆ ಕಲಿಸಿದ್ದು ಯಾರು ಅಂತ ಮಾತ್ರ ನನಗೆ ಹೆಚ್ಚುಕಡಿಮೆ ಗೊತ್ತಾಗಿಬಿಟ್ಟಿತು. ನಮ್ಮಲ್ಲಿ ಯಕ್ಷಗಾನ ನೋಡುವ ಅಜ್ಜಂದಿರು ಇರುತ್ತಾರಲ್ಲ, ವೇಷ ರಂಗಕ್ಕೆ ಬಂದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ "ಇವ ಇಂಥವರ ಶಿಷ್ಯ" ಅಂದುಬಿಡುತ್ತಾರೆ. ಹಾಗೆ. ಹಲ್ಲು ತುಂಬಿಸುವುದರಲ್ಲೂ ಹೆಜ್ಜೆ ಇರುತ್ತದೆ ಅಂತ ನನಗೆ ಆವತ್ತಿನವರೆಗೆ ಹೊಳೆದಿರಲಿಲ್ಲ.

ವಸಡು ಊದಿ ರಕ್ತ ಬರುತ್ತಿತ್ತು. ರಕ್ತ ತಾಗಿದರೆ ಈಗಿನ ಬಿಳಿ ಸಿಮೆಂಟ್ ಅಂಟುವುದಿಲ್ಲ. ಹುಳುಕು ತೆಗೆದು, ತಾತ್ಕಾಲಿಕಕ್ಕೆ ಒಂದು ಡ್ರೆಸ್ಸಿಂಗ್ ಇಟ್ಟು, ಎರಡು ವಾರ ಬಿಟ್ಟು ಬನ್ನಿ ಅಂದೆ.

ಇದು ಇಷ್ಟು ತಲೆಗೆ ಹತ್ತುವುದಕ್ಕೆ ಒಂದು ಕಾರಣ ಇತ್ತು. ಅದೇ ವಾರ ನಾನು ಓದಿದ ಕಾಲೇಜಿನ ಹಳೆ ವಿದ್ಯಾರ್ಥಿಗಳ ಬಳಗದಿಂದ ಫೋನ್ ಬಂದಿತ್ತು. ಸೆಪ್ಟೆಂಬರ್ 5ಕ್ಕೆ ಒಬ್ಬ ಒಳ್ಳೆಯ ಅಧ್ಯಾಪಕರನ್ನು ಆರಿಸಿ ಸನ್ಮಾನ ಮಾಡುವುದಂತೆ. ಆರಿಸುವ ನಾಲ್ವರಲ್ಲಿ ನಾನೂ ಒಬ್ಬಳು. ಒಪ್ಪಿಕೊಂಡೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಸನ್ಮಾನಕ್ಕೇನೂ ಬರ ಇಲ್ಲ ಬಿಡಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಅಭಿನಂದನಾ ಭಾಷಣ, ಎಲ್ಲವೂ ರೆಡಿಯಾಗಿಯೇ ಇರುತ್ತದೆ. ಕೂರಿಸುವುದಕ್ಕೆ ಒಬ್ಬರು ಬೇಕು, ಅಷ್ಟೇ.

ಮೂವರು ಅಧ್ಯಾಪಕರ ಹೆಸರು ಮತ್ತು ಒಂದು ನಮೂನೆ ಕಳಿಸಿದ್ದರು. ಪ್ರಕಟವಾದ ಲೇಖನ ಎಷ್ಟು, ಸಮ್ಮೇಳನ ಎಷ್ಟು, ಪಾಸಾದವರು ಶೇಕಡಾ ಎಷ್ಟು, ವಿದ್ಯಾರ್ಥಿಗಳು ಕೊಟ್ಟ ಫೀಡ್‌ಬ್ಯಾಕ್ ಅಂಕ ಎಷ್ಟು. ಕೊನೆಯಲ್ಲಿ ಒಂದು ಸಣ್ಣ ಚೌಕ: ಕ್ಲಿನಿಕ್ಕಿನಲ್ಲಿ ಕಲಿಸುವ ರೀತಿ, 10 ಅಂಕ. ಅದರ ಎದುರಿಗೆ ಮಾತ್ರ ಏನೂ ತುಂಬಿರಲಿಲ್ಲ. ಬಾಕಿ ಎಲ್ಲದಕ್ಕೂ ಎಲ್ಲೋ ಒಂದು ಕಡೆ ದಾಖಲೆ ಇದೆ. ಇದಕ್ಕೆ ಮಾತ್ರ ಇಲ್ಲ. ಅಧ್ಯಾಪಕರ ದಿನದ ಹೆಚ್ಚಿನ ಹೊತ್ತು ಕಳೆಯುವುದು ಅಲ್ಲೇ ಅಲ್ವಾ?

ಇನ್ನು ನನಗೆ ಕಲಿಸಿದ ಮೇಡಂ ಬಗ್ಗೆ ಹೇಳಬೇಕು.

ಅವರು ಆಗ ಕನ್ಸರ್ವೇಟಿವ್ ವಿಭಾಗದಲ್ಲಿ ರೀಡರ್. ಅಂದರೆ ಹಲ್ಲು ತುಂಬಿಸುವ, ಬೇರಿನ ಚಿಕಿತ್ಸೆ ಮಾಡುವ ವಿಭಾಗ. ಕಾಟನ್ ಸೀರೆ, ಮೇಲೆ ಏಪ್ರನ್, ಏಪ್ರನ್ನಿನ ಎಡ ಜೇಬಿನಲ್ಲಿ ಸ್ವಂತ ದುಡ್ಡಿನ ಫ್ಲಾಸ್ ಡಬ್ಬಿ. ಆ ಕಾಲಕ್ಕೆ ಅದು ನಮಗೆಲ್ಲ ದುಬಾರಿ ಸಾಮಾನು. ನಾವು ಎರಡು ಹಲ್ಲಿನ ನಡುವೆ ಅಮಾಲ್ಗಮ್ ತುಂಬಿಸಿ, ಕೆತ್ತಿ, ರೆಕಾರ್ಡ್ ಪುಸ್ತಕ ಹಿಡಿದು ಸಹಿಗೆ ನಿಂತರೆ ಅವರು ಮೊದಲು ಹಲ್ಲನ್ನು ನೋಡುತ್ತಲೇ ಇರಲಿಲ್ಲ. ಒಂದು ಮೊಳ ನೂಲು ಕತ್ತರಿಸಿ ಸಂದಿಗೆ ಹಾಕಿ, ಮುಖ ಆಚೆ ತಿರುಗಿಸಿ ಕಿವಿ ಕೊಡುತ್ತಿದ್ದರು. ಟಪ್ ಅಂದರೆ ಸಹಿ. ನೂಲು ಸುಮ್ಮನೆ ಜಾರಿ ಒಳಗೆ ಹೋದರೆ, "ತೆಗಿ ಮಾರಾಯ್ತಿ, ಅವರು ನಾಳೆ ಊಟ ಮಾಡ್ಬೇಕಲ್ಲ" ಅನ್ನುವುದು. ಅಷ್ಟೇ ಮಾತು. ಎರಡು ಹಲ್ಲು ಒಂದಕ್ಕೊಂದು ಬಿಗಿಯಾಗಿ ತಾಗಿ ನಿಲ್ಲದಿದ್ದರೆ ನಡುವೆ ಅನ್ನ ಸಿಕ್ಕಿ, ವಸಡು ಹಾಳಾಗಿ, ಕೊನೆಗೆ ಎರಡೂ ಹಲ್ಲು ಹೋಗುತ್ತವೆ ಅಂತ ಪುಸ್ತಕದಲ್ಲಿ ಎರಡು ಪುಟ ಇದೆ. ನನಗೆ ನೆನಪಿರುವುದು ಆ ನಾಳೆಯ ಊಟ ಮಾತ್ರ.

ಮೇಡಂ ಕ್ಲಾಸ್ ಹೇಗಿತ್ತು ಅಂತ ಕೇಳಬೇಡಿ. ಭಯಂಕರ. ಓಎಚ್‌ಪಿ (ಓವರ್‌ಹೆಡ್ ಪ್ರೊಜೆಕ್ಟರ್) ಹಾಳೆ ಹಾಕಿ, ನಮಗೆ ಬೆನ್ನು ಮಾಡಿ, ಗೋಡೆಯ ಮೇಲೆ ಬಿದ್ದ ಅಕ್ಷರಗಳನ್ನು ಗೋಡೆಗೇ ಓದಿ ಹೇಳುತ್ತಿದ್ದರು. ಮಧ್ಯಾಹ್ನ ಎರಡು ಗಂಟೆ, ಗಂಜಿ ಊಟ ಆಗಿರುತ್ತಿತ್ತು, ಮಂಗಳೂರಿನ ಸೆಖೆ ಬೇರೆ. ಅರ್ಧ ಕ್ಲಾಸು ನಿದ್ದೆ. ಆಗ ಫೀಡ್‌ಬ್ಯಾಕ್ ಅಂತ ಏನಾದರೂ ಇದ್ದಿದ್ದರೆ ನಾನೇ ಅವರಿಗೆ ಹತ್ತಕ್ಕೆ ಮೂರೋ ನಾಲ್ಕೋ ಕೊಡುತ್ತಿದ್ದೆ.

ಹತ್ತಕ್ಕೆ ಹತ್ತು ಸಿಗುತ್ತಿದ್ದದ್ದು ಇನ್ನೊಬ್ಬ ಸರ್‌ಗೆ. ಅವರು ಬೋರ್ಡಿನ ಮೇಲೆ ಬಣ್ಣದ ಚಾಕ್‌ನಲ್ಲಿ ಹಲ್ಲು ಬಿಡಿಸಿದರೆ ಅಳಿಸುವುದಕ್ಕೆ ಮನಸ್ಸು ಬರುತ್ತಿರಲಿಲ್ಲ. ಮೊದಲ ವರ್ಷ ಮೇಣದ ತುಂಡಿನಲ್ಲಿ ಹಲ್ಲು ಕೆತ್ತುವುದು ಇರುತ್ತದೆ. ಅವರು ಮಾತಾಡುತ್ತ, ಜೋಕ್ ಹೇಳುತ್ತ, ನಮ್ಮ ಕಣ್ಣೆದುರೇ ಹತ್ತು ನಿಮಿಷಕ್ಕೆ ಮೇಲ್ದವಡೆಯ ನಾಲ್ಕನೇ ಹಲ್ಲು ಕೆತ್ತಿ ಅಂಗೈಯಲ್ಲಿ ಇಡುತ್ತಿದ್ದರು. ಎರಡು ಮೊನೆ, ಮುಂಬದಿಯಲ್ಲಿ ಆ ಸಣ್ಣ ತಗ್ಗು, ಎಲ್ಲ ಸಮೇತ. ನಾವು ಚಪ್ಪಾಳೆ. ಆಮೇಲೆ ನಮ್ಮ ಕೈಗೆ ಮೇಣ ಬಂದರೆ ಹಲ್ಲೂ ಅಲ್ಲ, ಹಲಸಿನ ಬೀಜವೂ ಅಲ್ಲದ ಒಂದು ವಸ್ತು ತಯಾರಾಗುತ್ತಿತ್ತು. ತಪ್ಪು ಎಲ್ಲಿ ಶುರುವಾಯಿತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸರ್ ಅಷ್ಟು ಹೊತ್ತಿಗೆ ಮುಂದಿನ ಬ್ಯಾಚಿಗೆ ಹೋಗಿರುತ್ತಿದ್ದರು. ಅವರ ಬಗ್ಗೆ ನನಗೆ ಈಗಲೂ ಪ್ರೀತಿ ಇದೆ. ಆದರೆ ಅವರಿಂದ ನಾನು ಕಲಿತದ್ದು ಅವರು ಎಷ್ಟು ಚೆನ್ನಾಗಿ ಕೆತ್ತುತ್ತಾರೆ ಅನ್ನುವುದನ್ನು.

ನಮೂನೆ ಮೇಜಿನ ಮೇಲಿದ್ದ ಆ ದಿನಗಳಲ್ಲಿ ಇದೇ ವಿಷಯ ಹುಡುಕಿ ಹುಡುಕಿ ಓದಿದೆ. 1970ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ಸಿಕ್ಕಿತು. ಮೈಕಲ್ ಫಾಕ್ಸ್ ಅನ್ನುವ ಒಬ್ಬ ನಟ. ಅವರಿಗೆ ಡಾಕ್ಟರ್ ಮೈರನ್ ಫಾಕ್ಸ್ ಅಂತ ಹೆಸರು ಕೊಟ್ಟು, ಗಣಿತದ ಆಟದ ಸಿದ್ಧಾಂತವನ್ನು ವೈದ್ಯರ ತರಬೇತಿಗೆ ಹೊಂದಿಸುವ ಬಗ್ಗೆ ಭಾಷಣ ಮಾಡಿಸಿದರು. ಅರ್ಥವಿಲ್ಲದ, ಹಿಂದಕ್ಕೂ ಮುಂದಕ್ಕೂ ಹೊಂದದ ಮಾತು, ಆದರೆ ನಗು, ಹಾಸ್ಯ, ಗತ್ತು ಎಲ್ಲ ಭರ್ತಿ. ಕೇಳುತ್ತಿದ್ದವರು ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸ್ವತಃ ಕಲಿಸುವವರು. ಭಾಷಣ ಬಹಳ ಚೆನ್ನಾಗಿತ್ತು, ಯೋಚನೆಗೆ ಹಚ್ಚಿತು ಅಂತ ಬರೆದುಕೊಟ್ಟರು. ಯಾರೂ ಗುಟ್ಟು ಹಿಡಿಯಲಿಲ್ಲ. 1973ರಲ್ಲಿ ಇದು ಲೇಖನವಾಗಿ ಬಂತು. ಓದಿ ಒಬ್ಬಳೇ ನಕ್ಕೆ. ಆಮೇಲೆ ನಗು ನಿಂತಿತು. ನಾವು ಚಪ್ಪಾಳೆ ಹೊಡೆದದ್ದು ನೆನಪಾಯಿತು. ನಮ್ಮ ಸರ್ ಹೇಳಿದ್ದೆಲ್ಲ ಸರಿಯೇ ಇತ್ತು, ಅದು ಬೇರೆ ಮಾತು. ಆದರೆ ಚಪ್ಪಾಳೆ ಮಾತ್ರ ಎರಡೂ ಕಡೆ ಒಂದೇ.

ಹಲ್ಲಿನ ಕಾಲೇಜಿಗೂ ಬೇರೆ ಕಾಲೇಜಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಮೂರನೇ ವರ್ಷಕ್ಕೇ ಹುಡುಗರ ಕೈಗೆ ನಿಜವಾದ ಬಾಯಿ ಬರುತ್ತದೆ. ಅಲ್ಲಿಯವರೆಗೆ ಫ್ಯಾಂಟಮ್ ಹೆಡ್ಡು ಅನ್ನುವ ಬೊಂಬೆ ತಲೆ, ಪ್ಲಾಸ್ಟಿಕ್ ಹಲ್ಲು. ತಪ್ಪಿದರೆ ಬದಲಿಸಬಹುದು. ಇಲ್ಲಿ ಹಾಗಲ್ಲ. ಇಷ್ಟು ಕೇಸ್ ಕೀಳಬೇಕು, ಇಷ್ಟು ತುಂಬಿಸಬೇಕು, ಇಷ್ಟು ಸೆಟ್ ಹಲ್ಲು ಕಟ್ಟಬೇಕು ಅಂತ ಕೋಟಾ ಬೇರೆ ಇರುತ್ತದೆ. ಕೋಟಾ ಮುಗಿಯದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಹಾಗಾಗಿ ಫೈನಲ್ ಇಯರಿನವರಿಗೆ ಒಬ್ಬ ಪೇಶೆಂಟ್ ಸಿಗುವುದೆಂದರೆ ಬಂಗುಡೆ ಸೀಸನ್ನಿನಲ್ಲಿ ಬಲೆ ತುಂಬಿದ ಹಾಗೆ.

ಮಣಿಪಾಲದಲ್ಲಿ ಡೆಂಟಲ್ ಕಾಲೇಜು ಶುರುವಾಗಿದ್ದು 1965ರಲ್ಲಿ. ದೇರಳಕಟ್ಟೆಯ ಎ.ಬಿ. ಶೆಟ್ಟಿ ಕಾಲೇಜು 1985ರಲ್ಲಿ. ಮಂಗಳೂರಿನ ಲೈಟ್‌ಹೌಸ್ ಹಿಲ್ ಮೇಲೆ ಮಣಿಪಾಲದವರದ್ದೇ ಇನ್ನೊಂದು 1987ರಲ್ಲಿ, ಯೆನೆಪೋಯ 1992ರಲ್ಲಿ. ಆಮೇಲೂ ಬಂದವು. ಒಂದು ಎಕ್ಸ್‌ಪ್ರೆಸ್ ಬಸ್ಸಿನ ದಾರಿಯಲ್ಲಿ ಇಷ್ಟು ಕಾಲೇಜು ಇರುವ ಊರು ಜಾಸ್ತಿ ಇರಲಿಕ್ಕಿಲ್ಲ. ಹಾಗಾಗಿ ನಮ್ಮ ಕಡೆ ಬಹಳ ಮನೆಗಳಲ್ಲಿ ಯಾರದ್ದಾದರೂ ಒಂದು ಹಲ್ಲು ಯಾವುದೋ ವಿದ್ಯಾರ್ಥಿಯ ಕೋಟಾದಲ್ಲಿ ಸೇರಿಹೋಗಿದೆ. ಒಂದು ಕುರ್ಚಿಯಲ್ಲಿ ಕನ್ನಡದ ಹಲ್ಲು, ಪಕ್ಕದ ಕುರ್ಚಿಯಲ್ಲಿ ತುಳುವಿನ ಕೂಲಿ, ಅದರ ಪಕ್ಕ ಕೊಂಕಣಿಯ ದಾಂತ್, ಆಚೆ ಮಲಯಾಳದ ಪಲ್ಲು. ಬೆಂಗಳೂರಿನಿಂದ ಬಂದ ನನ್ನ ಕ್ಲಾಸ್‌ಮೇಟ್ ಒಬ್ಬ, ಪೇಶೆಂಟ್ "ಕೂಲಿ ಬೇನೆ" ಅಂದಿದ್ದಕ್ಕೆ ಸಂಬಳದ ತಕರಾರು ಅಂದುಕೊಂಡು ಆಫೀಸಿನ ದಾರಿ ತೋರಿಸಿದ್ದ.

ಈ ಕುರ್ಚಿಯ ಪಕ್ಕ ನಿಲ್ಲುವ ಅಧ್ಯಾಪಕರಿಗೆ ಒಂದು ಪೇಚು ಇದೆ. ಹುಡುಗಿಯ ಕೈ ನಡುಗುತ್ತಿದೆ. ಪೇಶೆಂಟ್ ಬಾಯಿ ತೆರೆದು ಅರ್ಧ ಗಂಟೆ ಆಯಿತು. ಈಗ ಕೈಯಿಂದ ಉಪಕರಣ ತಗೊಂಡು ತಾವೇ ಮುಗಿಸಬೇಕಾ, ಇನ್ನೂ ಸ್ವಲ್ಪ ಕಾಯಬೇಕಾ? ಬೇಗ ತಗೊಂಡರೆ ಹುಡುಗಿ ಕಲಿಯುವುದಿಲ್ಲ. ತಡ ಮಾಡಿದರೆ ಪೇಶೆಂಟಿಗೆ ಪೆಟ್ಟು. ನಮ್ಮ ಕಾಲದಲ್ಲಿ ಕೆಲವು ಸ್ಟಾಫ್ "ಏಳು ಏಳು, ನಾನು ಮಾಡ್ತೇನೆ" ಅಂತ ಹತ್ತು ನಿಮಿಷಕ್ಕೆ ಮುಗಿಸಿ ನಮ್ಮ ರೆಕಾರ್ಡಿಗೆ ಸಹಿಯನ್ನೂ ಹಾಕಿಕೊಡುತ್ತಿದ್ದರು. ಅವರೆಂದರೆ ನಮಗೆ ದೇವರು. ಕೋಟಾ ಒಂದು ಮುಗಿಯಿತಲ್ಲ.

ಮೇಡಂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ನಾನು ಒಮ್ಮೆ ಅಳುವ ಧ್ವನಿಯಲ್ಲಿ, "ಮೇಡಂ, ಇದೊಂದು ನೀವೇ ಮಾಡಿ ಕೊಡಿ" ಅಂದೆ. "ನನಗೆ ಬರ್ತದೆ ಮಾರಾಯ್ತಿ" ಅಂದರು. ಹೌದಲ್ಲ.

ಅವರು ಕೈ ಮುಂದೆ ತಂದದ್ದನ್ನು ನಾನು ನೋಡಿದ್ದು ಕಮ್ಮಿ. ಅದರಲ್ಲಿ ಒಂದು ಸಲ ನನ್ನ ಕುರ್ಚಿಯಲ್ಲೇ.

ಬಂಟ್ವಾಳ ಕಡೆಯ ಒಬ್ಬ ಅಕ್ಕ. ಬೀಡಿ ಕಟ್ಟುವವರು. ಎಡಗಡೆ ಕೆಳಗಿನ ಆರನೇ ಹಲ್ಲು, ಆಳವಾದ ಹುಳುಕು. ಸಣ್ಣ ಚಮಚದಂಥ ಎಕ್ಸ್‌ಕವೇಟರ್‌ನಲ್ಲಿ ಕೆರೆದು ತೆಗೆಯುತ್ತಿದ್ದೆ. ಒದ್ದೆ ಚರ್ಮದ ಹಾಗೆ ಪದರ ಪದರವಾಗಿ ಬರುತ್ತಿತ್ತು. ಕೆಳಗೆ ಹೋದ ಹಾಗೆ ಪದರ ಚಿಕ್ಕದಾಗುತ್ತದೆ, ಆಮೇಲೆ ಪುಡಿಯಾಗುತ್ತದೆ, ಗಟ್ಟಿ ಸಿಕ್ಕಿದಾಗ ಕಿರ್ ಅನ್ನುತ್ತದೆ. ಆ ಕಿರ್‌ಗೆ ಮೊದಲೇ, ನರದ ಹತ್ತಿರ ಬಂದಾಗ, ಕೈ ನಿಲ್ಲಿಸುವುದಕ್ಕೆ ಗೊತ್ತಾಗಬೇಕು. ಗಂಟೆ ಹನ್ನೆರಡೂವರೆ. ಒಂದಕ್ಕೆ ಕ್ಲಿನಿಕ್ ಮುಚ್ಚುತ್ತದೆ. ಎಕ್ಸ್‌ಕವೇಟರ್ ಕೆಳಗಿಟ್ಟು ಏರೋಟರ್, ಅಂದರೆ ಹಲ್ಲು ಕೊರೆಯುವ ಮೆಶಿನ್, ತಗೊಂಡೆ. ಎರಡು ಸಲ ತಾಗಿಸಿದೆ, ಅಷ್ಟೇ. ಹೊಂಡದ ತಳದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ. ನರ ತೆರೆದುಕೊಂಡಿತ್ತು.

ಮೇಡಂ ಬಂದರು. ಕನ್ನಡಿಯಲ್ಲಿ ನೋಡಿದರು. ಹತ್ತಿ ಇಟ್ಟು ಒತ್ತಿ ಹಿಡಿದರು. "ಬೇನೆ ಉಂಡಾ?" ಅಂತ ತುಳುವಿನಲ್ಲಿ ಕೇಳಿದರು. ಆಮೇಲೆ ಸ್ಟೂಲು ಎಳೆದು, ಆ ಅಕ್ಕನ ಮುಖದ ಮಟ್ಟಕ್ಕೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹುಳುಕು ಆಳ ಇತ್ತು, ನಮ್ಮ ಹುಡುಗಿ ಸ್ವಲ್ಪ ಜಾಸ್ತಿ ತೆಗೆದಳು, ಈಗ ನರ ಕ್ಲೀನ್ ಮಾಡಬೇಕಾಗುತ್ತದೆ, ಮೂರು ನಾಲ್ಕು ಸಲ ಬರಬೇಕು, ದುಡ್ಡು ಬೇಡ, ಪ್ರತಿ ಸಲ ನಾನು ಇರ್ತೇನೆ. ನಾನು ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದೆ. ಆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೆ ಬೈಬೇಡಿ ಮೇಡಂ" ಅಂದರು. "ಬೀಡಿ ಕಲಿಯುವಾಗ ನಾನು ಎಷ್ಟು ಎಲೆ ಹಾಳು ಮಾಡಿದ್ದೆ."

ಬೈಯಲಿಲ್ಲ. ಬೈದಿದ್ದರೆ ಅತ್ತು ಮುಗಿಸಿಬಿಡುತ್ತಿದ್ದೆ. ಊಟದ ಮೇಲೆ ಕರೆದು ಒಂದು ಹಾಳೆ ಕೊಟ್ಟರು. ಕ್ಷಮಾಪಣೆ ಬರೆಯುವುದಕ್ಕಲ್ಲ. ಯಾವಾಗ ಯಾವ ಉಪಕರಣ ಹಿಡಿದೆ, ತಳ ಯಾವ ಬಣ್ಣ ಇತ್ತು, ಕೈಗೆ ಮೆತ್ತಗೆ ಹತ್ತಿತಾ ಗಟ್ಟಿ ಹತ್ತಿತಾ, ಎಕ್ಸ್‌ಕವೇಟರ್ ಯಾಕೆ ಕೆಳಗಿಟ್ಟೆ. ಕೊನೆಯ ಪ್ರಶ್ನೆಗೆ ಬಹಳ ಯೋಚಿಸಿ "ಸಮಯ ಆಗಿತ್ತು" ಅಂತ ಬರೆದೆ. ಮೇಡಂ ಕೆಂಪು ಪೆನ್ನಿನಲ್ಲಿ ಅದಕ್ಕೊಂದು ಸುತ್ತು ಹಾಕಿದರು. ಬೇರೆ ಏನೂ ತಿದ್ದಲಿಲ್ಲ. ಮುಂದಿನ ವಾರ ನನಗೆ ಅಂಥದ್ದೇ ಆಳದ ಹುಳುಕಿನ ಇನ್ನೊಂದು ಕೇಸ್ ಹಾಕಿದರು. ಬೆಳಗ್ಗೆ ಒಂಬತ್ತಕ್ಕೇ. ಇಡೀ ಬೆಳಗ್ಗೆಗೆ ಅದೊಂದೇ. "ವಾಚ್ ಬಿಚ್ಚಿ ಬ್ಯಾಗಿಗೆ ಹಾಕು" ಅಂದರು.

ಈ ಹಾಳೆ, ಈ ಕೆಂಪು ಸುತ್ತು, ಈ ವಾಚು, ಇದನ್ನೆಲ್ಲ ಯಾವ ನಮೂನೆಯ ಯಾವ ಕಾಲಂನಲ್ಲಿ ತುಂಬಿಸುವುದು? ಆವತ್ತಿನ ಲೆಕ್ಕದಲ್ಲಿ ಮೇಡಂ ಕುರ್ಚಿಯಲ್ಲಿ ಒಂದು ಹಲ್ಲು ಕೆಟ್ಟಿತು, ಒಂದು ಕೋಟಾ ಬಾಕಿ ಉಳಿಯಿತು, ಒಬ್ಬ ವಿದ್ಯಾರ್ಥಿನಿ ಹಾಸ್ಟೆಲಿಗೆ ಹೋಗಿ ರಾತ್ರಿ ಊಟ ಬಿಟ್ಟಳು. ಆ ಸಂಜೆ ಅವರಿಗೆ ಅಂಕ ಕೊಡು ಅಂದಿದ್ದರೆ ಏನು ಕೊಡುತ್ತಿದ್ದೆನೋ!

ಇದಕ್ಕೆ ಹತ್ತಿರದ್ದು ಇನ್ನೊಂದು ಓದಿದೆ. ಅಮೆರಿಕದ ವಾಯುಪಡೆಯ ಅಕಾಡೆಮಿಯಲ್ಲಿ ಯಾವ ವಿದ್ಯಾರ್ಥಿಗೆ ಯಾವ ಅಧ್ಯಾಪಕ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಹಂಚುತ್ತಾರೆ. ಪರೀಕ್ಷೆ ಎಲ್ಲರಿಗೂ ಒಂದೇ. ಹೀಗಾಗಿ ಹೋಲಿಸುವುದು ಸುಲಭ. ಸ್ಕಾಟ್ ಕ್ಯಾರೆಲ್, ಜೇಮ್ಸ್ ವೆಸ್ಟ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಹಿಡಿದು 2010ರಲ್ಲಿ ಪ್ರಕಟಿಸಿದರು. ಆ ಕೋರ್ಸಿನಲ್ಲಿ ಒಳ್ಳೆ ಅಂಕ ಬರುವಂತೆ ಮಾಡಿದ ಅಧ್ಯಾಪಕರಿಗೆ ವಿದ್ಯಾರ್ಥಿಗಳೂ ಒಳ್ಳೆ ಅಂಕ ಕೊಟ್ಟಿದ್ದರು. ಆದರೆ ಅದರ ಮುಂದಿನ, ಇದರ ಮೇಲೆ ನಿಂತ ಕಷ್ಟದ ಕೋರ್ಸಿಗೆ ಹೋದಾಗ ಅವರ ವಿದ್ಯಾರ್ಥಿಗಳೇ ಹಿಂದೆ ಬಿದ್ದರು. ಅನುಭವ ಜಾಸ್ತಿ ಇದ್ದು, ಆಗ ಅಷ್ಟು ಇಷ್ಟವಾಗದ ಅಧ್ಯಾಪಕರ ಕೈಯಲ್ಲಿ ಕಲಿತವರು ಮುಂದೆ ಹೋದರು. ಗಣಿತ ವಿಜ್ಞಾನದಲ್ಲಿ ಹೀಗಾದರೆ ಕೈಕೆಲಸದಲ್ಲಿ ಕೇಳಬೇಕಾ? ನಮ್ಮ ಮುಂದಿನ ಕೋರ್ಸು ಅಂದರೆ ಕಾಲೇಜು ಬಿಟ್ಟ ಮೇಲಿನ ಕ್ಲಿನಿಕ್ಕು. ಪಕ್ಕದಲ್ಲಿ ಸ್ಟಾಫ್ ಇಲ್ಲದ ಕುರ್ಚಿ.

ವೈದ್ಯಕೀಯ ಶಿಕ್ಷಣದವರು ಜಾರ್ಜ್ ಮಿಲ್ಲರ್ 1990ರಲ್ಲಿ ಹೇಳಿದ ನಾಲ್ಕು ಮೆಟ್ಟಿಲನ್ನು ಆಗಾಗ ಎತ್ತುತ್ತಾರೆ. ಗೊತ್ತಿದೆ, ಹೇಗೆ ಅಂತ ಗೊತ್ತಿದೆ, ಮಾಡಿ ತೋರಿಸುತ್ತಾಳೆ, ಮಾಡುತ್ತಾಳೆ. ಥಿಯರಿ ಪರೀಕ್ಷೆ ಮೊದಲ ಎರಡು ಮೆಟ್ಟಿಲಿಗೆ, ಪ್ರಾಕ್ಟಿಕಲ್ ಮೂರನೆಯದಕ್ಕೆ. ನಾಲ್ಕನೆಯದು ಕಾಣುವುದು ಕಾರ್ಕಳದ ಒಂದು ಕೋಣೆಯಲ್ಲಿ, ಯಾರೂ ನೋಡದಿರುವಾಗ, ಹಾಕಿದ ಸಿಮೆಂಟನ್ನು ತಾನೇ ಕೆತ್ತಿ ತೆಗೆದಾಗ.

ಕಾಲೇಜಿನವರಿಗಿಂತ ಚೆನ್ನಾಗಿ ಇದನ್ನು ಬಲ್ಲವರೂ ಇದ್ದಾರೆ, ಅವರನ್ನು ಯಾರೂ ಕೇಳುವುದಿಲ್ಲ. ನಾನು ಕ್ಯಾಪ್ ಮಾಡಿಸುವುದು ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಲ್ಯಾಬಿನಲ್ಲಿ. ಅಲ್ಲಿನ ಹಿರಿಯ ಟೆಕ್ನಿಶಿಯನ್‌ಗೆ ಫೋನ್ ಮಾಡಿ, "ನಿಮಗೆ ಬರುವ ಅಳತೆ ನೋಡಿ ಯಾರು ಕಲಿಸಿದ್ದು ಅಂತ ಹೇಳ್ಲಿಕ್ಕೆ ಆಗ್ತದಾ?" ಅಂದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ಕೆಲವರದ್ದು ಹೇಳಬಹುದು ಡಾಕ್ಟ್ರೇ. ಮಾರ್ಜಿನ್, ಅಂದ್ರೆ ಕ್ಯಾಪ್ ಕೂರುವ ಅಂಚು, ಕಾಣದಿದ್ರೆ ನಾವೇ ಅಂದಾಜಿನಲ್ಲಿ ಗೆರೆ ಎಳೆದು ಕ್ಯಾಪ್ ಮಾಡ್ತೇವೆ. ಹೆಚ್ಚಿನವರು ಕೇಳುವುದಿಲ್ಲ. ಆದರೆ ಒಂದೆರಡು ಬ್ಯಾಚಿನವರು ಉಂಟು, ಅಳತೆ ಕಳಿಸಿದ ಮಾರನೇ ದಿನ ಫೋನ್ ಮಾಡ್ತಾರೆ. ಸುತ್ತಲೂ ಗೆರೆ ಸಿಕ್ಕಿತಾ, ಇಲ್ಲದಿದ್ರೆ ಹೇಳಿ, ಪುನಃ ತೆಗೀತೇನೆ ಅಂತ. ಎಲ್ಲ ಒಂದೇ ಸರ್ ಹತ್ರ ಕಲಿತವರು." ಯಾವ ಸರ್ ಅಂತ ಕೇಳಿದೆ. ಹೇಳಿದರು. ಅವರಿಗೆ ಯಾವ ಪ್ರಶಸ್ತಿಯೂ ಬಂದದ್ದು ನಾನು ಕೇಳಿಲ್ಲ.

ಕೊನೆಗೆ ಒಂದು ಶನಿವಾರ ಕ್ಲಿನಿಕ್ ಮುಚ್ಚಿ ಮಂಗಳೂರಿಗೆ ಹೋದೆ. ಮೂವರನ್ನೂ ಕ್ಲಿನಿಕ್ಕಿನಲ್ಲಿ ನೋಡಬೇಕು ಅಂತ ಹಟ. ಬೆಳಗ್ಗೆ ಎಲ್ಲರೂ ಚೆನ್ನಾಗಿಯೇ ಕಲಿಸುತ್ತಾರೆ, ಅದರಲ್ಲೂ ಹಿಂದೆ ಒಬ್ಬಳು ನೋಡುತ್ತಿದ್ದರೆ. ಹಾಗಾಗಿ ಹನ್ನೆರಡು ದಾಟುವವರೆಗೆ ಕ್ಯಾಂಟೀನಿನಲ್ಲಿ ಬನ್ಸ್ ತಿಂದು ಕೂತಿದ್ದೆ. ಇದು ಮೋಸ ಅಂತ ಗೊತ್ತು.

ಮೂವರಲ್ಲಿ ಕಿರಿಯವರು ಒಬ್ಬ ಲೆಕ್ಚರರ್, ಓರಲ್ ಸರ್ಜರಿಯವರು. ಅವರ ಕುರ್ಚಿಯಲ್ಲಿ ಉಳ್ಳಾಲ ಕಡೆಯ ವಯಸ್ಸಾದ ಒಬ್ಬ ಬ್ಯಾರಿ ಅಜ್ಜ, ಕೆಳಗಿನ ದವಡೆ ಹಲ್ಲು ಕೀಳಿಸುವುದಕ್ಕೆ ಬಂದವರು. ಪಕ್ಕದಲ್ಲಿ ಮೂರನೇ ವರ್ಷದ ಹುಡುಗ, ಕೈಯಲ್ಲಿ ಸಿರಿಂಜ್. ಲೆಕ್ಚರರ್ ಮೊದಲು ಅಜ್ಜನ ಹತ್ತಿರ ಹೇಳಿದರು: "ಇವರಿಗೆ ಈ ಇಂಜೆಕ್ಷನ್ ಇದು ಎರಡನೇ ಸಲ. ನಾನು ಇಲ್ಲೇ ಇರ್ತೇನೆ. ಆಗಬಹುದಾ?" ಅಜ್ಜ ಹುಡುಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಆಯ್ತು ಅಂತ ತಲೆ ಆಡಿಸಿದರು. ಎಷ್ಟು ಜನ ಇದನ್ನು ಕೇಳುತ್ತಾರೆ? ನಮ್ಮ ಕಾಲದಲ್ಲಿ ನಮ್ಮನ್ನೆಲ್ಲ "ಡಾಕ್ಟ್ರು" ಅಂತಲೇ ಪರಿಚಯ ಮಾಡಿಸುತ್ತಿದ್ದರು. ನಾವೂ ಗಂಭೀರವಾಗಿ ನಿಲ್ಲುತ್ತಿದ್ದೆವು.

ಕೆಳದವಡೆಗೆ ಮರಗಟ್ಟಿಸುವ ಇಂಜೆಕ್ಷನ್ ಸುಲಭ ಅಲ್ಲ. ಕಣ್ಣಿಗೆ ಕಾಣದ ನರ, ಎಲುಬಿನ ಒಳಬದಿಯಲ್ಲಿ. ಬೆರಳನ್ನು ಬಾಯೊಳಗೆ ಹಿಂದಕ್ಕೆ ಜಾರಿಸಿ ಎಲುಬಿನ ಅಂಚಿನಲ್ಲಿರುವ ತಗ್ಗು ಹುಡುಕಬೇಕು. ಅಲ್ಲಿಂದ ಲೆಕ್ಕ. ಹುಡುಗ ಬೆರಳಿಟ್ಟ. "ಸಿಕ್ಕಿತಾ?" "ಹೂಂ ಸರ್." "ನಿಜವಾಗಿ?" ಒಂದು ಕ್ಷಣ ಸುಮ್ಮನೆ. "ಇಲ್ಲ ಸರ್." "ಹಾಗಾದ್ರೆ ಸಿರಿಂಜ್ ಟ್ರೇಯಲ್ಲಿಡು. ನಿನ್ನ ಬಾಯಲ್ಲೇ ಮೊದಲು ಹುಡುಕು." ಹುಡುಗ ಗ್ಲೌಸ್ ತೆಗೆದು, ಕೈ ತೊಳೆದು, ಗೋಡೆಗೆ ತಿರುಗಿ ತನ್ನ ಬಾಯೊಳಗೆ ಬೆರಳು ಹಾಕಿ ನಿಂತ. ಅಜ್ಜನಿಗೆ ನಗು. ಸಿಕ್ಕಿತು. ಮತ್ತೆ ಹೊಸ ಗ್ಲೌಸ್, ಮತ್ತೆ ಅಜ್ಜನ ಬಾಯಿ. ಈ ಸಲ "ಸಿಕ್ಕಿತು ಸರ್" ಅನ್ನುವ ಧ್ವನಿಯೇ ಬೇರೆ ಇತ್ತು. ಲೆಕ್ಚರರ್ ಎರಡೂ ಕೈ ಕಟ್ಟಿಕೊಂಡು, ಆದರೆ ಕೈಗೆ ಗ್ಲೌಸ್ ಹಾಕಿಕೊಂಡೇ, ಒಂದು ಹೆಜ್ಜೆ ದೂರದಲ್ಲಿ ನಿಂತಿದ್ದರು. ಆ ಗ್ಲೌಸ್ ನನಗೆ ಹಿಡಿಸಿತು. ಬೇಕಾದರೆ ಅರ್ಧ ಕ್ಷಣದಲ್ಲಿ ಒಳಗೆ ಬರುತ್ತಾರೆ ಅಂತ ಅದರ ಅರ್ಥ.

ಸೂಜಿ ಹೊರಗೆ ಬಂದ ಮೇಲೆ ಹುಡುಗ ಇಕ್ಕಳಕ್ಕೆ ಕೈ ಹಾಕಲಿಲ್ಲ. ಐದು ನಿಮಿಷ ಕಾದು, "ತುಟಿ ದಪ್ಪ ಆದ ಹಾಗೆ ಆಯ್ತಾ ಅಜ್ಜ?" ಅಂತ ಕೇಳಿದ. ಆ ಹೊತ್ತಿಗೆ ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ಸ್ಟಾಫ್ ಮೂರು ಹಲ್ಲು ಕಿತ್ತು ಮುಗಿಸಿದ್ದರು.

ಈ ಲೆಕ್ಚರರಿಗೆ ಮೂವರಲ್ಲಿ ಅತಿ ಕಮ್ಮಿ ಫೀಡ್‌ಬ್ಯಾಕ್ ಅಂಕ. ಕೆಳಗೆ ವಿದ್ಯಾರ್ಥಿಗಳ ಮಾತೂ ಇತ್ತು: ಒಳ್ಳೆಯವರು, ಆದರೆ ತುಂಬಾ ನಿಧಾನ. ನಾನು ಆ ಖಾಲಿ ಚೌಕದಲ್ಲಿ ಹತ್ತಕ್ಕೆ ಒಂಬತ್ತು ಬರೆದು, ಜಾಗ ಸಾಲದೆ ಹಿಂಬದಿಯಲ್ಲಿ ಅಜ್ಜನ ಕಥೆ ಬರೆದೆ. ಆರಿಸುವವರಲ್ಲಿ ಉಳಿದ ಮೂವರು ಓದಿ, "ಕಥೆ ಚಂದ ಉಂಟು" ಅಂದರು. ಶಾಲು ಹೋದದ್ದು ಲೇಖನಗಳ ಪಟ್ಟಿ ಉದ್ದ ಇದ್ದ ಹಿರಿಯರಿಗೆ. ಅವರೂ ಒಳ್ಳೆಯ ಮನುಷ್ಯರೇ, ನನಗೇನೂ ಬೇಜಾರಿಲ್ಲ. ಸ್ವಲ್ಪ ಇದೆ.

ಇದೆಲ್ಲ ಮುಗಿಯುವ ಮೊದಲೇ, ಹೇಳಿದ ದಿನಕ್ಕೆ ಸರಿಯಾಗಿ, ಹಿರಿಯಡ್ಕದ ಅಮ್ಮ ಬಂದಿದ್ದರು. ವಸಡು ವಾಸಿಯಾಗಿತ್ತು. ಡ್ರೆಸ್ಸಿಂಗ್ ತೆಗೆದು ಬಿಳಿ ಸಿಮೆಂಟ್ ಹಾಕಿದೆ. ಈಗಿನ ಕಾಂಪೊಸಿಟ್‌ಗೆ ಒಂದು ಕಷ್ಟ ಇದೆ. ಅಮಾಲ್ಗಮ್ ಆದರೆ ಒತ್ತಿ ಒತ್ತಿ ತುಂಬುವಾಗ ಸುತ್ತಲಿನ ಪಟ್ಟಿಯನ್ನು ಆಚೆ ತಳ್ಳಿ ಪಕ್ಕದ ಹಲ್ಲಿಗೆ ತಾಗುತ್ತದೆ. ಕಾಂಪೊಸಿಟ್ ಮೆತ್ತಗೆ, ತಳ್ಳುವುದಿಲ್ಲ. ಪಟ್ಟಿ, ಬೆಣೆ, ರಿಂಗು ಸರಿಯಾಗಿ ಕೂರಿಸಿದರೆ ಮಾತ್ರ ಬಿಗಿ ಬರುತ್ತದೆ. ಲೈಟ್ ಹಿಡಿದು, ಪಾಲಿಶ್ ಮಾಡಿ, ಎದ್ದು ನೋಡಿದೆ. ಚಂದ ಕಾಣುತ್ತಿತ್ತು. ಫೋಟೋ ತೆಗೆಯುವ ಹಾಗೆ.

ನೂಲು ಹಾಕಿದೆ. ಸುಮ್ಮನೆ ಜಾರಿ ಒಳಗೆ ಹೋಯಿತು.

ಹೊರಗೆ ನಾಲ್ಕು ಜನ ಕಾಯುತ್ತಿದ್ದರು. ಅಮ್ಮನಿಗೆ ನಾಲ್ಕೂಕಾಲರ ಬಸ್ಸು. ಗಡಿಯಾರ ನೋಡಿದೆ. ಅಮ್ಮನೂ ನನ್ನನ್ನೇ ನೋಡುತ್ತಿದ್ದರು, ಬಾಯಿ ತೆರೆದುಕೊಂಡೇ. "ಅಮ್ಮ, ಇನ್ನರ್ಧ ಗಂಟೆ ಆಗ್ತದೆ. ಇದು ಸರಿಯಾಗ್ಲಿಲ್ಲ, ತೆಗೆದು ಪುನಃ ಹಾಕ್ತೇನೆ." ಅವರು ಕೈ ಎತ್ತಿ, ಆಗಲಿ ಅನ್ನುವ ಹಾಗೆ ಅಲ್ಲಾಡಿಸಿದರು. ಹಾಕಿದ್ದನ್ನು ಕೆತ್ತಿ ತೆಗೆದೆ. ಪಟ್ಟಿ ಬದಲಿಸಿದೆ, ಒಂದು ಸೈಜು ದೊಡ್ಡ ಬೆಣೆ ಹಾಕಿದೆ, ರಿಂಗ್ ಇನ್ನೂ ಕೆಳಗೆ ಕೂರಿಸಿದೆ. ತುಂಬಿಸಿದೆ. ಈ ಸಲ ನೂಲು ಹಾಕುವಾಗ ಮುಖ ಆಚೆ ತಿರುಗಿಸಿದ್ದೆ. ಯಾಕೆ ತಿರುಗಿಸಿದೆನೋ.

ಟಪ್.

"ಹಾಂ" ಅಂದರು ಅಮ್ಮ, ಬಾಯಿ ಒರೆಸಿಕೊಳ್ಳುತ್ತ. "ಆಗಲೂ ಹೀಗೇ ಆಗಿತ್ತು."